ಹುಳ ಬೀಳದ ಮರ ನನಗೆ ಬೇಡ

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರವೂ ಇದೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದಮೇಲೆ ಬಿಡುವು ಮಾಡ್ಕೊಂಡು ಓದಿ. ಮುಂಗಾರು ಹಿಡಿಯೋಕೆ ಮುಂಚೆ ಹೇಳಬೇಕಾದ ಮಾತು ಇದು. ಗುಂಡಿ ತೆಗೆದು ಸಸಿ ಇಟ್ಟಮೇಲೆ ಹೇಳಿ ಪ್ರಯೋಜನ ಇಲ್ಲ.

ಹೋದ ವಾರ ಬದುವಿಗೆ ಸಸಿ ತರೋಣ ಅಂತ ಒಂದು ನರ್ಸರಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಒಳ್ಳೆ ಮಾತುಗಾರ. ಸಾಲಾಗಿ ಜೋಡಿಸಿದ್ದ ಕೋನೋಕಾರ್ಪಸ್ ಪ್ಯಾಕೆಟ್‌ಗಳನ್ನ ತೋರಿಸಿ, "ಅಣ್ಣ, ಇದನ್ನ ತಗೊಳ್ಳಿ. ಹುಳ ಬೀಳಲ್ಲ, ಎಲೆ ಉದುರಲ್ಲ, ದನ ಬಾಯಿ ಹಾಕಲ್ಲ. ನೆಟ್ಟು ಮರೆತುಬಿಡಿ" ಅಂದ.

"ಹಂಗಾದ್ರೆ ಇದನ್ನ ಯಾರಪ್ಪ ತಿಂತಾರೆ?" ಅಂದೆ.

"ಯಾರೂ ತಿನ್ನಲ್ಲ ಅಣ್ಣ. ಅದಕ್ಕೇ ಲೇಔಟ್‌ನವರು ಲೋಡ್‌ಗಟ್ಟಲೆ ತಗೊಂಡು ಹೋಗ್ತಾರೆ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿ ಏನು ಕೇಳ್ತಾರೋ ಅದನ್ನೇ ಅವನು ಮಾರೋದು. "ಹುಳ ಬೀಳಲ್ಲ ತಾನೆ?" ಅಂತ ಕೇಳೋರು ನಾವೇ. ಮರ ಅಂದ್ರೆ ನಮಗೆ ಹಸಿರಾಗಿರಬೇಕು, ಗಲೀಜು ಮಾಡಬಾರದು, ಯಾವ ಪ್ರಾಣಿಯೂ ಅದರ ಹತ್ತಿರ ಬರಬಾರದು. ನಾನು ಇವತ್ತು ಹೇಳೋದು ಇಷ್ಟೇ: ನಾವು ಗುಣ ಅಂತ ಹುಡುಕ್ತಿರೋದೇ ಆ ಮರದ ದೋಷ. ಹುಳ ಬೀಳದ ಮರ ನಮ್ಮ ಹೊಲಕ್ಕೆ, ನಮ್ಮ ರಸ್ತೆಗೆ, ನಮ್ಮ ಶಾಲೆ ಕಾಂಪೌಂಡಿಗೆ ಬೇಡ. ಹುಳ ಬೀಳೋ ಮರವನ್ನೇ ಕೇಳಿ ತಗೊಂಡು ಬರಬೇಕು.

ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ದುಡ್ಡು ಕಳ್ಕೊಂಡು ಬಂತು. ಅದನ್ನ ಮೊದಲು ಹೇಳ್ತೀನಿ.

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನನಗಿರೋದು ಎರಡೂವರೆ ಎಕರೆ. ಅಪ್ಪನ ಕಾಲದಲ್ಲಿ ಬದುವಿನ ಮೇಲೆ ಹನ್ನೊಂದು ಹೊಂಗೆ ಇದ್ವು. ಬದುವಿನ ಉದ್ದಕ್ಕೂ ತಂಗಡಿ, ಎಲಚಿ ಮುಳ್ಳು, ಅಲ್ಲಲ್ಲಿ ಜಾಲಿ. ಅಪ್ಪ ವರ್ಷಕ್ಕೊಂದು ಸಲ ಹೊಂಗೆ ಸೊಪ್ಪು ಸವರಿ ಹೊಲಕ್ಕೆ ಹಾಕೋರು. ಅಪ್ಪ ಹೋದಮೇಲೆ ನಾನು ಯಜಮಾನ ಆದೆ. ನೆರಳಿಗೆ ರಾಗಿ ಬರ್ತಿಲ್ಲ ಅಂತ ಎಂಟು ಹೊಂಗೆ ಕಡಿಸಿ ಸೌದೆಗೆ ಕೊಟ್ಟೆ. ಜೆಸಿಬಿ ತರಿಸಿ ಬದು 'ಕ್ಲೀನ್' ಮಾಡಿಸಿದೆ. ಉಳಿದ ಬುಡಕ್ಕೆ ಕಳೆನಾಶಕ ಹೊಡೆದೆ. ಆ ಜಾಗದಲ್ಲಿ ಗೆರೆ ಹೊಡೆದ ಹಾಗೆ ಸಿಲ್ವರ್ ಓಕ್ ನೆಟ್ಟೆ. ಊರಲ್ಲಿ ಎಲ್ಲರೂ "ಏನ್ ನೀಟಾಗಿ ಇಟ್ಟಿದ್ದೀಯಪ್ಪ ಹೊಲನ" ಅಂದ್ರು. ನನಗೂ ಹೆಮ್ಮೆ.

ಆಮೇಲೆ ಒಂದು ಮುಂಗಾರಿನಲ್ಲಿ ಹನ್ನೆರಡು ಗುಂಟೆಗೆ ಸಿಹಿಗುಂಬಳ ಹಾಕಿದೆ. ಬಳ್ಳಿ ಚೆನ್ನಾಗಿ ಹರಡ್ತು. ಆಗಸ್ಟ್ ಹೊತ್ತಿಗೆ ಹೊಲ ತುಂಬ ಹೂವು. ಆದರೆ ಕಾಯಿ ಇಲ್ಲ. ಹೂವಿನ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಹೀಚು ಕಾಣ್ತಿತ್ತು. ನಾಲ್ಕು ದಿನಕ್ಕೆ ಹಳದಿ ತಿರುಗಿ ಕೊಳೆತು ಬೀಳ್ತಿತ್ತು. ಗೊಬ್ಬರದ ಅಂಗಡಿಯಲ್ಲಿ ಕೇಳಿದೆ, ಬೋರಾನ್ ಕೊಟ್ರು. ಹೊಡೆದೆ. ಮತ್ತೊಂದು ಬಾಟಲಿ ಕೊಟ್ರು. ಅದನ್ನೂ ಹೊಡೆದೆ. ಹೀಚು ಬೀಳೋದು ನಿಲ್ಲಲಿಲ್ಲ.

ಕಾರಣ ಬಾಟಲಿಯಲ್ಲಿ ಇರಲಿಲ್ಲ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೇ ಆ ಪುಟ್ಟ ಹೀಚು ಇರೋದು. ಹೂವು ಬೆಳಗಿನ ಜಾವ ಅರಳುತ್ತೆ, ಬಿಸಿಲು ಏರೋ ಹೊತ್ತಿಗೆ ಮುದುಡುತ್ತೆ. ಅಷ್ಟರೊಳಗೆ ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಬೇಕು. ಅದು ಅಂಟು ಪುಡಿ, ಗಾಳಿಗೆ ಹಾರೋದಿಲ್ಲ. ಜೇನು, ದುಂಬಿ ಹೊತ್ಕೊಂಡು ಹೋಗಬೇಕು, ಅದೂ ಒಂದು ಸಲ ಬಂದ್ರೆ ಸಾಲದು. ಯಾರೂ ಬರದಿದ್ರೆ ಬಳ್ಳಿ ಆ ಹೀಚನ್ನ ಉದುರಿಸುತ್ತೆ.

ಒಂದು ದಿನ ಬೆಳಗ್ಗೆ ಆರಕ್ಕೆ ಹೋಗಿ ಹೊಲದ ಮಧ್ಯೆ ಕೂತೆ. ಎಂಟೂವರೆವರೆಗೂ ಕೂತಿದ್ದೆ. ಕಣ್ಣಿಗೆ ಬಿದ್ದ ಜೇನು ಕೈಬೆರಳಲ್ಲಿ ಎಣಿಸೋ ಅಷ್ಟು. ಮಾರನೆ ದಿನದಿಂದ ನಾನು, ನನ್ನ ಹೆಂಡತಿ ಇಬ್ಬರೂ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಒರೆಸೋ ಕೆಲಸ ಶುರು ಮಾಡಿದ್ವಿ. ಮೂರು ವಾರ. ಸೊಂಟ ಬಿದ್ದುಹೋಯ್ತು. ನನ್ನ ಹೆಂಡತಿ ಒಂದು ದಿನ ಹೂವು ಹಿಡ್ಕೊಂಡೇ ಹೇಳಿದ್ಲು: "ಆ ಹೊಂಗೆ ಮರ ಇದ್ದಿದ್ರೆ ಇದನ್ನ ಬಿಟ್ಟಿಯಾಗಿ ಮಾಡ್ಕೊಡ್ತಿದ್ವು. ಕಡಿಸಬೇಡಿ ಅಂತ ಬಡ್ಕೊಂಡೆ." ಉತ್ತರ ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ.

ಹೊಂಗೆ ಕಡಿದಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಬೆಳಗ್ಗೆ ಹೊತ್ತು, ಹೂವು ಅರಳಿರೋವಾಗಲೇ ಔಷಧಿ ಹೊಡೆದೋನೂ ನಾನೇ. ಆದರೆ ಔಷಧಿ ಬಿಟ್ರೂ ಜೇನು ತಾನಾಗಿ ವಾಪಸ್ ಬರೋದಿಲ್ಲ. ಅದಕ್ಕೆ ಇರೋಕೆ, ತಿನ್ನೋಕೆ ಏನಾದ್ರೂ ಬೇಕಲ್ಲ?

ಇಲ್ಲಿ ಒಂದು ಲೆಕ್ಕ ಇದೆ, ದಯವಿಟ್ಟು ಗಮನ ಕೊಡಿ. ನಮ್ಮ ಸೀಮೆಯ ಮರಗಳು ಬಹುಪಾಲು ಹೂ ಬಿಡೋದು ಶಿವರಾತ್ರಿಯಿಂದ ಮುಂಗಾರಿನ ಒಳಗೆ. ಮೊದಲು ಮುತ್ತುಗ. ಯುಗಾದಿ ಆಸುಪಾಸಿನಲ್ಲಿ ಹೊಂಗೆ, ಬೇವು, ನೇರಳೆ. ಅದರ ಹಿಂದೆ ಕಕ್ಕೆ, ಹುಣಸೆ. ಜೇನು ಸಂಸಾರ ಬೆಳೆಸೋದೇ ಈ ಹೂವಿನ ಮೇಲೆ. ಆಮೇಲೆ ಮಳೆಗಾಲ. ಜೂನ್ ಕಳೆದ್ರೆ ಮರದಲ್ಲಿ ಹೂವಿಲ್ಲ. ಅಕ್ಟೋಬರ್ ಹೊತ್ತಿಗೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ನಿಲ್ಲೋದು, ಜೊತೆಗೆ ಅವರೆ, ತೊಗರಿ, ಸಾಸಿವೆ. ಈ ಎರಡರ ನಡುವೆ ಮೂರು ನಾಲ್ಕು ತಿಂಗಳು ಜೇನಿಗೆ ಬರಗಾಲ. ಆ ಬರಗಾಲ ದಾಟಿಸ್ತಿದ್ದದ್ದು ಯಾವುದು ಗೊತ್ತಾ? ಬದುವಿನ ತಂಗಡಿ, ಎಲಚಿ, ಜಾಲಿ, ತೆಂಗು, ನುಗ್ಗೆ. ನಾನು ಜೆಸಿಬಿ ತರಿಸಿ ಕಿತ್ತು ಹಾಕಿದ್ದು ಸರಿಯಾಗಿ ಅದನ್ನೇ. ಬೇಸಿಗೆ ಊಟವನ್ನ ಕೊಡಲಿಯಲ್ಲಿ ಕಳೆದೆ, ಮಳೆಗಾಲದ ಊಟವನ್ನ ಜೆಸಿಬಿಯಲ್ಲಿ ಕಳೆದೆ, ಅಕ್ಕಡಿ ಸಾಲು ಹಾಕೋದು ಮೊದಲೇ ಬಿಟ್ಟಿದ್ದೆ. ಆಮೇಲೆ ಆಗಸ್ಟಿನಲ್ಲಿ ಕುಂಬಳದ ಹೂವಿನ ಮುಂದೆ ಕೂತು ಜೇನು ಯಾಕೆ ಬರಲಿಲ್ಲ ಅಂತ ಕೇಳ್ತಿದ್ದೆ.

ನಮ್ಮಲ್ಲಿ ಬಹಳ ಜನಕ್ಕೆ ಇದು ಕಾಣದೆ ಇರೋಕೆ ಒಂದು ಕಾರಣ ಇದೆ. ರಾಗಿಗೆ ಜೇನು ಬೇಡ. ದ್ರಾಕ್ಷಿಗೂ ಅದರ ಹಂಗಿಲ್ಲ. ಹಿಪ್ಪುನೇರಳೆಯಲ್ಲಿ ನಮಗೆ ಬೇಕಾದ್ದು ಸೊಪ್ಪು, ಕಾಯಲ್ಲ. ಆದರೆ ಕುಂಬಳ, ಸೋರೆ, ಹೀರೆ, ಹಾಗಲ, ಸೌತೆ ಇವೆಲ್ಲಕ್ಕೂ ಹೊರಗಿನವರು ಬಂದೇ ಹೂವು ಮುಟ್ಟಬೇಕು. ಹೀರೆ, ಸೋರೆ ಹೂವು ಸಂಜೆ ಅರಳೋದು. ಅಲ್ಲಿ ಜೇನಿನ ಜೊತೆ ರಾತ್ರಿ ಹಾರೋ ಪತಂಗಗಳೂ ಕೆಲಸ ಮಾಡ್ತವೆ. ಹುಚ್ಚೆಳ್ಳಿಗಂತೂ ತನ್ನ ಗಿಡದ ಪುಡಿ ತನಗೆ ಆಗೋದೇ ಇಲ್ಲ, ಪಕ್ಕದ ಗಿಡದ್ದು ಬೇಕು. ಮಾವು, ಸೀಬೆ, ನಮ್ಮ ದೇವನಹಳ್ಳಿ ಚಕ್ಕೋತದ ಹೂವು ನೋಡಿ, ಬೆಳಗ್ಗೆ ಗುಂಯ್ ಅಂತಿರುತ್ತೆ. ವಿಶ್ವಸಂಸ್ಥೆಯ ಆಶ್ರಯದ ಐಪಿಬಿಇಎಸ್ ಅನ್ನೋ ವಿಜ್ಞಾನಿಗಳ ವೇದಿಕೆ 2016ರಲ್ಲಿ ಹೇಳಿದ್ದು ಇದನ್ನೇ: ಪ್ರಪಂಚದ ಮುಖ್ಯ ಆಹಾರ ಬೆಳೆಗಳಲ್ಲಿ ಶೇಕಡಾ 75ಕ್ಕೂ ಹೆಚ್ಚು ಬೆಳೆಗಳು ಸ್ವಲ್ಪವಾದರೂ ಕೀಟ, ಪಕ್ಷಿ, ಬಾವಲಿಗಳ ಈ ಸೇವೆಯ ಮೇಲೆ ನಿಂತಿವೆ.

"ಹಂಗಾದ್ರೆ ಎರಡು ಜೇನುಪೆಟ್ಟಿಗೆ ಇಟ್ಟರೆ ಮುಗೀತಲ್ಲ" ಅಂತಾರೆ ಕೆಲವರು. ಇಡಿ, ಬೇಡ ಅನ್ನಲ್ಲ. ಆದರೆ ಪೆಟ್ಟಿಗೆ ಅಂದ್ರೆ ಮನೆ, ಊಟ ಅಲ್ಲ. ಸುತ್ತ ಹೂವಿಲ್ಲದ ಕಡೆ ಪೆಟ್ಟಿಗೆ ಇಟ್ಟು ಸಕ್ಕರೆ ಪಾಕ ಕುಡಿಸಿಕೊಂಡು ಎಷ್ಟು ದಿನ ಸಾಕ್ತೀರಿ? ಇನ್ನೊಂದು ಮಾತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಕುಟುಂಬಗಳು ರಾಶಿ ರಾಶಿ ಸತ್ತವು. ಒಂದೇ ಜಾತಿಯ ಜೇನನ್ನ ನಂಬಿಕೊಂಡ್ರೆ ಒಂದೇ ರೋಗ ಸಾಕು, ಎಲ್ಲ ಮುಗಿಯೋಕೆ. ಹೆಜ್ಜೇನು, ಕೋಲುಜೇನು, ಮುಜಂಟಿ, ಒಣಮರ ಕೊರೆದು ಗೂಡು ಮಾಡೋ ಕಪ್ಪು ದುಂಬಿ, ಎಲೆಯನ್ನ ದುಂಡಗೆ ಕತ್ತರಿಸಿಕೊಂಡು ಹೋಗೋ ಒಂಟಿ ಜೇನು, ಮಣ್ಣಲ್ಲಿ ತೂತು ತೋಡೋ ಜೇನು, ಇವೆಲ್ಲ ಇರಬೇಕು. ಇವುಗಳಲ್ಲಿ ಎಷ್ಟೋ ಜಾತಿಯನ್ನ ಪೆಟ್ಟಿಗೆಗೆ ತುಂಬೋಕಾಗಲ್ಲ. ಇವಕ್ಕೆ ಮರವೇ ಬೇಕು, ಬದುವೇ ಬೇಕು.

ಇನ್ನು 'ಹುಳ' ಅನ್ನೋ ಮಾತಿಗೆ ಬರ್ತೀನಿ.

ನಮ್ಮ ಜಿಲ್ಲೆ ಹುಳವನ್ನ ಕಂಡ್ರೆ ಅಸಹ್ಯ ಪಡೋ ಜಿಲ್ಲೆ ಆಗಿದ್ದು ಯಾವಾಗಿಂದ? ವಿಜಯಪುರದ ಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ಮಗಳ ಮದುವೆ ಮಾಡಿದ ಜನ ನಾವು. ಹುಳು ಜ್ವರ ಎದ್ದಮೇಲೆ ರಾತ್ರಿ ಹನ್ನೊಂದಕ್ಕೆ ಎದ್ದು ಸೊಪ್ಪು ಹಾಕಿದ ಮನೆಗಳು ಇಲ್ಲಿ ಸಾವಿರಾರು. ಪಕ್ಕದ ತೋಟದವರು ಔಷಧಿ ಹೊಡೆದು ಗಾಳಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ರೆ ಹುಳು ಸಾಯ್ತವೆ ಅಂತ ಬದುವಿನಲ್ಲಿ ನಿಂತು ಜಗಳ ಮಾಡಿದೋರು ನಾವು. ಅಂದ್ರೆ ಹುಳು ಎಲೆ ತಿಂದ್ರೆ ಅದು ನಷ್ಟ ಅಲ್ಲ, ಎಲೆ ಇನ್ನೊಂದು ರೂಪಕ್ಕೆ ಬದಲಾಯ್ತು ಅನ್ನೋದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ರೇಷ್ಮೆಹುಳುವಿಗೆ ಕೊಟ್ಟ ಮರ್ಯಾದೆಯನ್ನ ಹೊಂಗೆ ಎಲೆ ಮೇಲಿನ ಹುಳುವಿಗೂ ಸ್ವಲ್ಪ ಕೊಡಿ ಅಂತ ಕೇಳ್ತಿದ್ದೀನಿ, ಅಷ್ಟೆ.

ಚಿಟ್ಟೆ ಬೇಕು, ಹುಳ ಬೇಡ ಅಂದ್ರೆ ಆಗಲ್ಲ. ಹುಳವೇ ಚಿಟ್ಟೆ ಆಗೋದು. ಅವು ಕಂಡಕಂಡ ಎಲೆ ತಿನ್ನೋದೂ ಇಲ್ಲ. ಕಕ್ಕೆ ಎಲೆ ತಿನ್ನೋದು ಒಂದು ಬಿಳಿ-ಹಳದಿ ಚಿಟ್ಟೆಯ ಮರಿ. ನಿಂಬೆ, ಕರಿಬೇವು ತಿನ್ನೋದು ಬೇರೆ. ಆಲ, ಅತ್ತಿಯ ಎಲೆ ಕಪ್ಪು ಚಿಟ್ಟೆಯ ಮರಿಗೆ. ಎಲಚಿಗೆ ಚುಕ್ಕೆ ಚುಕ್ಕೆಯ ಪುಟಾಣಿ ನೀಲಿ ಚಿಟ್ಟೆ. ಹೊಂಗೆ ಚಿಗುರಿಗೆ ವೇಗವಾಗಿ ಹಾರೋ ಒಂದು ಕಂದು ಬಣ್ಣದ್ದು. ತಾಯಿ ಚಿಟ್ಟೆ ಸರಿಯಾದ ಎಲೆ ಸಿಗದಿದ್ರೆ ಮೊಟ್ಟೆ ಇಡದೆ ಮುಂದಕ್ಕೆ ಹೋಗುತ್ತೆ. ಇನ್ನು ಹಕ್ಕಿಗಳು. ಕಾಳು ತಿನ್ನೋ ಗುಬ್ಬಚ್ಚಿ ಕೂಡ ಮರಿಗಳಿಗೆ ತಂದು ಕೊಡೋದು ಹುಳುಗಳನ್ನ. ಹುಳ ಇಲ್ಲದ ಊರಲ್ಲಿ "ಗುಬ್ಬಚ್ಚಿ ಉಳಿಸಿ" ಅಂತ ಗೂಡಿನ ಡಬ್ಬ ಹಂಚಿದ್ರೆ ಏನು ಬಂತು?

ರೈತನಿಗೆ ಇದರಲ್ಲಿ ನೇರ ಲಾಭ ಇದೆ. 2008ರಲ್ಲಿ ಪಪಾಯ ಹಿಟ್ಟುತಿಗಣೆ ನಮ್ಮ ದೇಶಕ್ಕೆ ಬಂತು. ಪಪಾಯ ಅಷ್ಟೇ ಅಲ್ಲ, ಹಿಪ್ಪುನೇರಳೆ ತೋಟಕ್ಕೂ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಮೆತ್ಕೊಳ್ತು. ಎಷ್ಟು ಔಷಧಿ ಹೊಡೆದ್ರೂ ಜಗ್ಗಲಿಲ್ಲ. ರೇಷ್ಮೆಗೆ ಔಷಧಿ ಹೊಡೆಯೋ ಹಾಗೂ ಇಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರೋ ಕೃಷಿ ಕೀಟಗಳ ಕೇಂದ್ರ ಸಂಸ್ಥೆ, ಈಗ ಎನ್‌ಬಿಎಐಆರ್ ಅಂತಾರಲ್ಲ, ಅದು ಪೋರ್ಟೊರಿಕೋದಿಂದ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಪರಾವಲಂಬಿ ಕಣಜಗಳನ್ನ ತರಿಸಿ ಬಿಡ್ತು. ಹಿಟ್ಟುತಿಗಣೆ ಹಿಡಿತಕ್ಕೆ ಬಂತು. ಕೋಟಿಗಟ್ಟಲೆ ಔಷಧಿ ಮಾಡದ ಕೆಲಸವನ್ನ ಒಂದು ಕಣಜ ಮಾಡ್ತು.

ಅಂಥ ಕಣಜಗಳು ನಮ್ಮಲ್ಲೇ ನೂರಾರು ಬಗೆ ಇವೆ. ಗುಲಗಂಜಿ ಹುಳ, ಸಸ್ಯಹೇನು ತಿನ್ನೋ ಮರಿಗಳನ್ನ ಹಾಕೋ ಹೂನೊಣ, ಎಲ್ಲ ಇವೆ. ಕಣಜಕ್ಕೂ, ಹೂನೊಣಕ್ಕೂ ದೊಡ್ಡವಾದಮೇಲೆ ಮಕರಂದ ಬೇಕು. ನಮ್ಮ ಟೊಮೇಟೊ, ಬದನೆಯಲ್ಲಿ ಪೀಡೆ ಇಲ್ಲದ ದಿನಗಳಲ್ಲಿ ಅವು ಎಲ್ಲಾದ್ರೂ ಬದುಕಬೇಕು. ಬದುವಿನ ಮರದ ಮೇಲೆ ನಾಲ್ಕು ಹುಳ ಇದ್ರೆ ತಾನೆ ಆ ಹುಳದ ಶತ್ರುವೂ ಅಲ್ಲೇ ಠಿಕಾಣಿ ಹೂಡೋದು?

ಈ ಪಾಠವನ್ನ ನೀಲಗಿರಿ ನಮಗೆ ಒಂದು ಸಲ ಕಲಿಸಿದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಕೋಲಾರ, ಬೆಂಗಳೂರು, ತುಮಕೂರು ಸೀಮೆಯ ರಾಗಿ ಹೊಲಗಳಿಗೆಲ್ಲ ನೀಲಗಿರಿ ಬಂತು. ಆಗಲೂ ಇದೇ ಮಾತು: ದನ ತಿನ್ನಲ್ಲ, ಹುಳ ಬೀಳಲ್ಲ, ಕಾವಲು ಬೇಡ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದ್ರು. ಏನು ಕೀಳಬೇಕು ಅನ್ನೋದರ ಜೊತೆಗೆ ಏನು ನೆಡಬೇಕು ಅನ್ನೋದೂ ಅವರಿಗೆ ಗೊತ್ತಿತ್ತು. ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿದ್ದು 2017ರಲ್ಲಿ. ಮಧ್ಯೆ ಮೂವತ್ತನಾಲ್ಕು ವರ್ಷ ಹೋಯ್ತು. ಅಷ್ಟರಲ್ಲಿ ಇನ್ನೊಂದು ತಮಾಷೆಯೂ ಆಯ್ತು. 2000ದ ನಂತರ ನೀಲಗಿರಿಯ ತವರು ಆಸ್ಟ್ರೇಲಿಯಾ ಮೂಲದ್ದೇ ಒಂದು ಗಂಟು ಕಣಜ ಇಲ್ಲಿಗೆ ಬಂತು. 'ಹುಳ ಬೀಳದ' ಮರದ ಚಿಗುರೆಲ್ಲ ಗಂಟುಗಂಟಾಯ್ತು. ಇಲ್ಲಿ ಅದಕ್ಕೆ ಶತ್ರುವೇ ಇರಲಿಲ್ಲ, ತಡೆಯೋರು ಯಾರು? ಹುಳ ಬೀಳದ ಮರ ಅಂತ ಯಾವುದೂ ಇಲ್ಲ ಸ್ವಾಮಿ. ಅದರ ಹುಳ ಇನ್ನೂ ವಿಮಾನ ಹತ್ತಿಲ್ಲ ಅಷ್ಟೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ನೀಲಗಿರಿ ಹೂವಿಗೆ ಜೇನು ಮುತ್ತುತ್ತೆ, ನಾನೇ ನೋಡಿದ್ದೀನಿ. ಸಿಲ್ವರ್ ಓಕ್ ಹೂವಿಗೂ ಬರುತ್ತೆ. ಕಂಬದ ಹಾಗೆ ನಿಲ್ಲೋ ಅಶೋಕದ ಎಲೆಯನ್ನ ಕೂಡ ಒಂದು ಹಸಿರು ಚಿಟ್ಟೆಯ ಮರಿ ತಿನ್ನುತ್ತೆ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅನ್ನೋದು ನನ್ನ ವಾದ ಅಲ್ಲ. ನಮ್ಮ ಹುಣಸೆಯೇ ಮೂಲದಲ್ಲಿ ಆಫ್ರಿಕಾದ್ದು. ನಾನು ಈಗ ಮರ ಆರಿಸೋವಾಗ ಕೇಳೋದು ಮೂರು ಪ್ರಶ್ನೆ. ಇದರ ಹೂವು ಯಾವ ತಿಂಗಳು, ಯಾರಿಗೆ? ಇದರ ಎಲೆ ಯಾರಿಗೆ? ಇದು ಮುದಿಯಾದಮೇಲೆ ಇದರ ತೊಗಟೆ, ಪೊಟರೆ ಯಾರಿಗೆ? ಹೊಂಗೆ, ನೇರಳೆ, ಅತ್ತಿ, ಬೇವು, ಹುಣಸೆ ಮೂರಕ್ಕೂ ಉತ್ತರ ಕೊಡ್ತವೆ. ನೀಲಗಿರಿ ಒಂದಕ್ಕೆ ಮಾತ್ರ ಕೊಡುತ್ತೆ, ಏಳೆಂಟು ವರ್ಷಕ್ಕೆ ಅದನ್ನೂ ಕಡೀತೀವಿ. ಕತ್ತರಿ ಹಾಕಿ ಗೋಡೆಯ ಹಾಗೆ ನಿಲ್ಲಿಸಿದ ಕೋನೋಕಾರ್ಪಸ್ ಒಂದಕ್ಕೂ ಸರಿಯಾಗಿ ಉತ್ತರ ಕೊಡಲ್ಲ. ಗುಜರಾತಿನವರು 2023ರಲ್ಲೇ ಅದನ್ನ ನೆಡೋದು ನಿಷೇಧಿಸಿದ್ರು. ನಮ್ಮ ಏರ್‌ಪೋರ್ಟ್ ಕಡೆಯ ಲೇಔಟ್‌ಗಳಲ್ಲಿ ಇನ್ನೂ ಅದಕ್ಕೇ ಬೇಡಿಕೆ.

ಒಳ್ಳೆ ಮರ ಯಾವುದು ಅಂತ ನಮಗೆ ಗೊತ್ತಿಲ್ಲ ಅಂತಲೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ ಹೋಗಿ ಬನ್ನಿ. ಸುಮಾರು 54 ಎಕರೆ, 300ರ ಹತ್ತಿರ ಹಳೆ ಮರಗಳು. 2007ರಲ್ಲಿ ಅದು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಯ್ತು. ದೇಶಕ್ಕೇ ಮೊದಲು, ನಮ್ಮ ಮನೆ ಹಿತ್ತಲಲ್ಲಿ! ಆ ಮರಗಳ ಬೊಡ್ಡೆ ನೋಡಿ. ತೂತು, ಬಿರುಕು, ಪೊಟರೆ, ಸೀಳು. ನರ್ಸರಿಯವನ ಕಣ್ಣಿಗೆ ಅವೆಲ್ಲ ಕೆಟ್ಟುಹೋದ ಮರಗಳು. ಜೇನಿಗೆ, ಗೂಬೆಗೆ, ಇರುವೆಗೆ, ಗಿಳಿಗೆ ಅದು ಒಂದು ಊರು.

ಇಲ್ಲ ಅಂದ್ರೆ ಸಾಲುಮರದ ತಿಮ್ಮಕ್ಕನವರನ್ನ ನೆನೆಸ್ಕೊಳ್ಳಿ. ಹುಲಿಕಲ್‌ನಿಂದ ಕುದೂರಿನ ಕಡೆ ಹೋಗೋ ದಾರಿಯಲ್ಲಿ ಗಂಡ ಹೆಂಡತಿ ಸೇರಿ ನೀರು ಹೊತ್ತು ಬೆಳೆಸಿದ್ದು 385 ಆಲದ ಮರ. ಒಂದು ಕಾಲದಲ್ಲಿ ಮಾಗಡಿ ತಾಲ್ಲೂಕು ನಮ್ಮ ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಅವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ಎಲ್ಲ ಕಡೆ ಶ್ರದ್ಧಾಂಜಲಿ ಬ್ಯಾನರ್. ವನಮಹೋತ್ಸವದ ಪ್ರತಿ ಭಾಷಣದಲ್ಲೂ ಅವರ ಹೆಸರು. ಭಾಷಣ ಮುಗಿಸಿ ಕೆಳಗಿಳಿದು ಗುಂಡಿಗೆ ಇಡೋದು ಮಾತ್ರ ಎಲೆ ಉದುರದ ಅಲಂಕಾರದ ಗಿಡ! ಆಲ ಯಾಕೆ ಆರಿಸಿದ್ರು ಅಂತ ಯಾರಾದ್ರೂ ಒಂದು ನಿಮಿಷ ಯೋಚನೆ ಮಾಡಿದ್ದೀವಾ?

ಆಲ, ಅರಳಿ, ಅತ್ತಿ, ಬಸರಿಗಳ ಹೂವು ಹೊರಗೆ ಕಾಣಲ್ಲ. ಕಾಯಿ ಅಂತ ನಾವು ಅನ್ನೋದರ ಒಳಗೇ ಹೂವು ಇರೋದು. ಒಂದೊಂದು ಜಾತಿಗೂ ಅದರದೇ ಸಣ್ಣ ಕಣಜ ಇರುತ್ತೆ, ಎಳ್ಳಿಗಿಂತ ಚಿಕ್ಕದು. ಅದು ಒಳಗೆ ನುಗ್ಗಿದ್ರೇನೇ ಮರಕ್ಕೆ ಬೀಜ. ಆ ಮರದ ಕಾಯಿ ಸಿಕ್ಕಿದ್ರೇನೇ ಕಣಜಕ್ಕೆ ಸಂತಾನ. ಹೊರಗೆ ಬಂದ ಕಣಜ ಬದುಕೋದು ಒಂದೆರಡು ದಿನ. ಅಷ್ಟರಲ್ಲಿ ಸರಿಯಾದ ಹದದ ಕಾಯಿ ಇರೋ ಇನ್ನೊಂದು ಮರ ಸಿಗಬೇಕು. ಅದಕ್ಕೇ ಮರಗಳು ಬೇರೆ ಬೇರೆ ಹೊತ್ತಿಗೆ ಕಾಯಿ ಬಿಡ್ತವೆ, ಅದಕ್ಕೇ ಊರೂರಿಗೆ ಆಲ, ಅರಳಿ ಬೇಕು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗೋ ರಸ್ತೆ ಅಗಲ ಆದಾಗ ಎಷ್ಟು ಹಳೆ ಸಾಲುಮರ ಹೋದವು ಅಂತ ಆ ದಾರಿಯಲ್ಲಿ ಓಡಾಡಿದೋರಿಗೆ ಗೊತ್ತು. ರಸ್ತೆ ಬೇಡ ಅನ್ನಲ್ಲ, ನನ್ನ ತರಕಾರಿಯೂ ಅದೇ ರಸ್ತೆಯಲ್ಲಿ ಮಾರ್ಕೆಟ್ಟಿಗೆ ಹೋಗೋದು. ಆದರೆ ಆಲ ಕಡಿದು ಡಿವೈಡರ್‌ನಲ್ಲಿ ಕಣಗಿಲೆ ನೆಟ್ಟು "ಹಸಿರು ವಾಪಸ್ ಕೊಟ್ವಿ" ಅಂದ್ರೆ ಲೆಕ್ಕ ಸರಿಹೋಗಲ್ಲ. ಎಷ್ಟು ಸಸಿ ನೆಟ್ರಿ ಅನ್ನೋ ಸಂಖ್ಯೆ ಸಾಲದು, ಯಾವುದನ್ನ ನೆಟ್ರಿ ಅನ್ನೋದೂ ಹೇಳಬೇಕು.

ಇನ್ನು ನೀವು ಕೇಳೋ ಪ್ರಶ್ನೆಗಳು. ನಾನೂ ರೈತನೇ, ಗೊತ್ತಿವೆ.

"ನೆರಳಿಗೆ ಬೆಳೆ ಹಾಳಾಗುತ್ತೆ." ನಿಜ, ಆಗುತ್ತೆ. ಒಂದು ಎಕರೆ ಇರೋನಿಗೆ ಎರಡು ಸಾಲು ರಾಗಿಯೂ ಲೆಕ್ಕವೇ. ಆದರೆ ಅಪ್ಪ ಮಾಡಿದ ಹಾಗೆ ಮುಂಗಾರಿಗೆ ಮುಂಚೆ ಹೊಂಗೆ ಸವರಿದ್ರೆ ಸೊಪ್ಪೂ ಸಿಗುತ್ತೆ, ನೆರಳೂ ಕಮ್ಮಿ. ಹೂವು ಅಷ್ಟೊತ್ತಿಗೆ ಮುಗಿದಿರುತ್ತೆ. ರಾಗಿ ತೆನೆ ಕಟ್ಟೋ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನೆರಳು ಉತ್ತರಕ್ಕೆ ಬೀಳುತ್ತೆ. ಹಾಗಾಗಿ ದೊಡ್ಡ ಮರ ಉತ್ತರದ ಬದುವಿಗೆ. ಉತ್ತರಕ್ಕೆ ಪಕ್ಕದವರ ಹೊಲ ಇದ್ರೆ ಮೊದಲು ಅವರ ಜೊತೆ ಕೂತು ಒಂದು ಟೀ ಕುಡೀರಿ, ಆಮೇಲೆ ಗುಂಡಿ ತೆಗೀರಿ. ಮರಕ್ಕೆ ಜಾಗವೇ ಇಲ್ಲ ಅನ್ನೋರು ಬದುವಿನ ತಂಗಡಿ, ಎಲಚಿಯನ್ನ ಕೀಳದೆ ಬಿಟ್ಟರೆ ಸಾಕು. ಅದಕ್ಕೆ ಖರ್ಚೂ ಇಲ್ಲ.

"ಕಂಬಳಿಹುಳ ಮಕ್ಕಳಿಗೆ ಕಡಿಯುತ್ತೆ, ಹೆಜ್ಜೇನು ಎದ್ದರೆ ಜೀವಕ್ಕೆ ಅಪಾಯ." ಇದೂ ನಿಜ. ನುಗ್ಗೆ ಮರಕ್ಕೆ ಕಂಬಳಿಹುಳ ಬರುತ್ತೆ, ಅದನ್ನ ಶಾಲೆ ಬಾಗಿಲಲ್ಲಿ ನೆಡಬೇಡಿ. ಹೆಜ್ಜೇನು ಕಟ್ಟೋ ಎತ್ತರದ ಮರ ಜನ ಸೇರೋ ಜಾಗದಿಂದ ದೂರ ಇರಲಿ. ಕೆರೆ ಏರಿ ಪಕ್ಕ, ಸ್ಮಶಾನ, ಗುಂಡುತೋಪು ಇವೆಯಲ್ಲ. ಶಾಲೆಗೆ ಹೊಂಗೆ, ನೇರಳೆ, ಬಿಲ್ವ ಸಾಕು. ನೇರಳೆ ಹಣ್ಣಿಗೆ ನಾಲಗೆ ನೀಲಿ ಮಾಡ್ಕೊಂಡು ಬೈಸ್ಕೊಳ್ಳೋ ಭಾಗ್ಯ ಮಕ್ಕಳಿಗೂ ಇರಲಿ.

"ಇದರಿಂದ ದುಡ್ಡು ಏನು?" ಹೆಬ್ಬೇವು, ಮಹಾಗನಿ, ಸಿಲ್ವರ್ ಓಕ್ ಹಾಕಿದೋರನ್ನ ನಾನು ಬೈಯಲ್ಲ. ಸಾಲ ತೀರಿಸಬೇಕು, ಗೊತ್ತು. ನನ್ನ ಸಿಲ್ವರ್ ಓಕ್ ಇನ್ನೂ ನಿಂತಿದೆ, ಮಾರೋ ಹೊತ್ತಿಗೆ ಮಾರ್ತೀನಿ. ಹತ್ತು ದುಡ್ಡಿನ ಮರಕ್ಕೆ ಎರಡು ಹೊಟ್ಟೆಯ ಮರ ಇಡಿ ಅನ್ನೋದು ನನ್ನ ಬೇಡಿಕೆ. ಹನ್ನೆರಡು ಗುಂಟೆ ಕುಂಬಳಕ್ಕೆ ಮೂರು ವಾರ ಇಬ್ಬರ ಕೂಲಿ ಎಷ್ಟಾಯ್ತು ಅಂತ ನೀವೇ ಗುಣಿಸಿ ನೋಡಿ, ಆಮೇಲೆ ಹೊಂಗೆಯಿಂದ ದುಡ್ಡೇನು ಅಂತ ಕೇಳಿ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಖಾಲಿ ಕಂಡ ಕಡೆಯೆಲ್ಲ ಮರ ನೆಡೋದೂ ತಪ್ಪು. ಹೆಸರಘಟ್ಟದ ಹುಲ್ಲುಗಾವಲಿನಂಥ ಜಾಗ ಖಾಲಿ ಅಲ್ಲ. ಅಲ್ಲಿ ಹುಲ್ಲೇ ಕಾಡು. ಹುಲ್ಲಿನ ಚಿಟ್ಟೆ, ಮಿಡತೆ, ನೆಲದಲ್ಲಿ ಗೂಡು ಮಾಡೋ ಜೇನಿಗೆ ಬಿಸಿಲು ಬೀಳೋ ಬಯಲೇ ಬೇಕು. ನಿಮ್ಮೂರ ಗೋಮಾಳದಲ್ಲಿ ಒಳ್ಳೆ ಹುಲ್ಲು ಇದ್ರೆ ಅದನ್ನ ಹಾಗೇ ಬಿಡಿ. ಸಸಿ ಲಾರಿ ವಾಪಸ್ ಕಳಿಸಿ.

ನಮ್ಮೂರಲ್ಲಿ ಕೆರೆ ದಾರಿಗೆ ಈ ಮಳೆಗಾಲದಲ್ಲಿ ಸಸಿ ನೆಡಬೇಕು ಅಂತ ಗ್ರಾಮಸಭೆಯಲ್ಲಿ ಮಾತಾಯ್ತು. ನಾನು ಎದ್ದು ನಿಂತು ಪಟ್ಟಿ ಓದಿದೆ: ಹೊಂಗೆ, ನೇರಳೆ, ಅತ್ತಿ, ಬಸರಿ, ಕಕ್ಕೆ, ಬೇವು, ಹುಣಸೆ, ಮಧ್ಯೆ ಮಧ್ಯೆ ತಂಗಡಿ. ಹಿಂದಿನ ಸಾಲಲ್ಲಿ ಒಬ್ಬರು, "ಏನಣ್ಣ, ರಸ್ತೆಗೆ ಹುಳ ಬೀಳೋ ಮರ ಯಾಕೆ?" ಅಂದ್ರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕುಂಬಳದ ಕತೆ ಹೇಳಿದೆ. ಆಮೇಲೆ ಇನ್ನೂ ಇಬ್ಬರು ತಮ್ಮ ಸೌತೆ, ಹಾಗಲದ ಕತೆ ಹೇಳಿದ್ರು. ಕೊನೆಗೆ ಅರ್ಧ ಸಸಿ ನಮ್ಮ ಪಟ್ಟಿಯಿಂದ ಅಂತ ಒಪ್ಪಿಕೊಂಡಿದ್ದಾರೆ. ಬಾಯಿಮಾತಲ್ಲಿ ಒಪ್ಪಿದ್ದಾರೆ, ನಡಾವಳಿ ಪುಸ್ತಕದಲ್ಲಿ ಇನ್ನೂ ಬರೆದಿಲ್ಲ. ಸೋಮವಾರ ಹೋಗಿ ಬರೆಸಬೇಕು.

ನನ್ನ ಬದುವಿನಲ್ಲಿ ಉಳಿದಿದ್ದ ಮೂರು ಹೊಂಗೆಯ ಜೊತೆಗೆ ಈಗ ನಾಲ್ಕು ಹೊಸದು, ಎರಡು ನೇರಳೆ, ಒಂದು ಅತ್ತಿ ಇವೆ. ಒಣಗಿದ ಒಂದು ಹೊಂಗೆ ಬೊಡ್ಡೆಯನ್ನ ಸೌದೆಗೆ ಕೊಡದೆ ಹಾಗೇ ಬಿಟ್ಟಿದ್ದೀನಿ, ಕಪ್ಪು ದುಂಬಿ ತೂತು ಕೊರೆದಿದೆ. ತಂಗಡಿ ತಾನಾಗೇ ಚಿಗುರಿದೆ. ರಾಗಿಗೆ ಅಕ್ಕಡಿ ಸಾಲು ಮತ್ತೆ ಹಾಕ್ತಿದ್ದೀನಿ. ಔಷಧಿ ಹೊಡೆಯಲೇಬೇಕು ಅಂದ್ರೆ ಹೂವು ನೋಡ್ಕೊಂಡು, ಬೆಳಗ್ಗೆ ಅರಳೋ ಬೆಳೆಗೆ ಸಂಜೆ ಹೊಡೀತೀನಿ. ನೆಟ್ಟ ಸಸಿ ಮರ ಆಗೋಕೆ ವರ್ಷಗಳು ಬೇಕು, ನಾಳೆಯೇ ಫಲ ಸಿಗುತ್ತೆ ಅಂತ ನಿಮಗೆ ಸುಳ್ಳು ಹೇಳಲ್ಲ. ಈ ಸಲವೂ ಕುಂಬಳದ ಹೂವು ಸ್ವಲ್ಪ ದಿನ ನಾವೇ ಮುಟ್ಟಬೇಕಾಗಬಹುದು.

ನೀವು ಈ ಮಳೆಗಾಲ ನರ್ಸರಿಗೆ ಹೋದಾಗ ಒಂದೇ ಒಂದು ಕೆಲಸ ಮಾಡಿ. "ಇದಕ್ಕೆ ಹುಳ ಬೀಳಲ್ಲ" ಅಂತ ಅವರು ಅಂದ ತಕ್ಷಣ ಆ ಸಸಿ ಕೆಳಗಿಡಿ. "ಹುಳ ಬೀಳೋದು ಯಾವುದಿದೆ, ಅದನ್ನ ಕೊಡಪ್ಪ" ಅನ್ನಿ. ಹತ್ತು ಜನ ಹೀಗೆ ಕೇಳಿದ್ರೆ ಮುಂದಿನ ವರ್ಷ ಅವರೇ ಹೊಂಗೆ ಬೀಜ ಪ್ಯಾಕೆಟ್ಟಿಗೆ ಹಾಕ್ತಾರೆ. ಆ ಹುಡುಗ ಒಳ್ಳೆ ಮಾತುಗಾರ, ಅದನ್ನೂ ಚೆನ್ನಾಗೇ ಮಾರ್ತಾನೆ.